ನೂರು ಫಿಲ್ಸ್

ಮುಹರಕ್ಕಿನಲ್ಲಿ, ಕೋಲ್ಡ್ ಸ್ಟೋರಿನ ಮೇಲಿನ ಈ ಕೋಣೆಯಲ್ಲಿ
ಬಂದಿಳಿದ ದಿನ ನೀನು ಕಲಿಸಿದ್ದು ಇದೊಂದೇ, ಮಾವ:
ಇಲ್ಲಿ ಬಿಂದುವಿನಾಚೆ ಮೂರು ಅಂಕಿ ಮಾರಾಯ,
ಊರಿನ ಹಾಗೆ ಎರಡಲ್ಲ.
ಮೂರನೆಯದನ್ನು ನುಂಗಿದವನ ಲೆಕ್ಕ
ಮೂವತ್ತು ವರ್ಷವಾದರೂ ಕೂಡುವುದಿಲ್ಲ.

ಹಡಗು ರಿಪೇರಿಯ ಯಾರ್ಡಿನಲ್ಲಿ ಸ್ಟೋರ್ ಕೀಪರ್ ನೀನು.
ವಾಷರು, ನಟ್ಟು, ಹನ್ನೆರಡರ ಬೋಲ್ಟು,
ಮುಷ್ಟಿಯಲ್ಲಿ ತೂಗಿ ಎಷ್ಟೆಂದು ಹೇಳುತ್ತಿದ್ದೆ.
ಈಗ ಜೆಸ್ಸಮ್ಮ ಕೊಟ್ಟ ಮಾತ್ರೆಗಳನ್ನು
ಹಾಗೆಯೇ ತೂಗುತ್ತೀ.
"ಎರಡು ಕಡಿಮೆ ಉಂಟು," ಅನ್ನುತ್ತೀ,
ಅವಳು ಸಹಿ ಹಾಕುವವರೆಗೆ ನುಂಗುವುದಿಲ್ಲ.

ಬ್ಯಾಂಕಿನ ಗಾಜಿನಾಚೆಯ ಹುಡುಗಿಗೂ ಬೇಕಿದ್ದದ್ದು ಸಹಿ.
ಆಗಸ್ಟು. ಟೋಕನ್ ನೂರ ಹದಿನೇಳು.
ಅವರ ಕಡತದಲ್ಲಿ ನಿನ್ನ ಹೆಸರು ಕನ್ನಡದಲ್ಲೇ ಇತ್ತು,
ಶೀನ ಮೆಂಡನ್, ಕೊನೆಗೆ ಗಾಳದಂಥ ಬಾಲ.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ ನೀನು,
ಆಮೇಲೆ ಬಾಲವನ್ನಷ್ಟೇ ಬರೆದೆ.
ಹೆಬ್ಬೆಟ್ಟು ಆದೀತೇ, ಕೇಳಿದೆ.
ಏನನ್ನು ಒತ್ತುತ್ತಿದ್ದೇನೆಂದು
ಹೆಬ್ಬೆಟ್ಟಿಗೂ ಗೊತ್ತಿರಬೇಕು ಸರ್, ಅಂದಳು,
ಪಾಪ, ಮೆಲ್ಲಗೆ.

ಕೋರ್ಟಿನ ಗುಮಾಸ್ತ: ಮಗನಾ? ಅಡ್ಡಹೆಸರು ಒಂದೇ ಇದೆ.
ಅಲ್ಲ, ಅಕ್ಕನ ಮಗ.
ನಮ್ಮಲ್ಲಿ ಬಳಿ ಹೆಣ್ಣಿನ ಕೈ ಹಿಡಿದು ಬರುತ್ತದೆ ಎಂಬುದನ್ನೆಲ್ಲ
ದುಭಾಷಿ ಎರಡು ಪದಕ್ಕೆ ಮುಗಿಸಿದ.
ಸೋದರಮಾವನಿಗೆ ಅವರು ಖಾಲ್ ಅನ್ನುತ್ತಾರೆ.
ನಮ್ಮ ಲಿಪಿಯಲ್ಲಿ ಅದಕ್ಕೊಂದು ಗುಡಿಸು ಸಾಕು,
ಖಾಲಿ.
ಎಷ್ಟು ಅಳಿಯಂದಿರು ಗುಡಿಸಿಲ್ಲ!

ಊರಿಂದ ಪುರಂದರನ ಫೋನು.
"ಹೇಗಿದ್ದಾರೆ" ಒಂದೇ ಉಸಿರಿಗೆ,
"ಎಷ್ಟುಂಟು" ಎಂಬುದಕ್ಕೆ ಅರ್ಧ ಗಂಟೆ.
ಯಜಮಾನಿಕೆಯೆಂದರೆ ಸೊಂಟದ ಕೀಲಿಕೈ ಎಂದುಕೊಂಡವನು.
ನನ್ನ ಜೇಬಿನಲ್ಲಿರುವುದು ನಿನ್ನ ಡೈಪರಿನ ರಸೀದಿ,
ನಾಲ್ಕು ದಿನಾರು ಏಳುನೂರ ಐವತ್ತು.

ಅನುಮಾನ ನನಗೂ ಇದೆ, ನನ್ನ ಮೇಲೆಯೇ.
ಆಸ್ಪತ್ರೆಯ ಟ್ಯಾಕ್ಸಿಯಲ್ಲಿ ನಾನೂ ಕೂತಿದ್ದೆನಲ್ಲ,
ಅರ್ಧ ಬಾಡಿಗೆ ಯಾರದ್ದು?
ನಿನಗೆಂದು ತಂದ ಬಂಗುಡೆ, ನೀನು ತಟ್ಟೆ ತಳ್ಳಿದ ಮೇಲೆ
ನಾನು ತಿಂದೆ. ಆರುನೂರು ಫಿಲ್ಸ್.
ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ.

ಮತ್ತೆ ಇದು:
ತಿಂಗಳ ಐದಕ್ಕೆ ಇಪ್ಪತ್ತು ದಿನಾರು, ಹತ್ತೊಂಬತ್ತು ವರ್ಷ,
ಸಿ. ರೇವತಿ ಎಂಬ ಹೆಸರಿಗೆ.
ಯಾರು ಎಂದರೆ ನೀನು ಕಿಟಕಿ ನೋಡುತ್ತೀ.
ಅಮ್ಮ ಫೋನಿನಲ್ಲಿ ಸುಮ್ಮನಿದ್ದಳು,
ಆಮೇಲೆ, ಇವತ್ತು ಬೂತಾಯಿ ಅಗ್ಗ, ಅಂದಳು.
ಕಾನೂನಿನಂತೆ ನಿಲ್ಲಿಸಬೇಕು. ನಿಲ್ಲಿಸಿದೆ.
ಎಲ್ಲೋ ಒಂದು ಮನೆಯಲ್ಲಿ
ಐದನೇ ತಾರೀಕು ಬರಿಗೈಯಲ್ಲಿ ಬಂದು ಹೋಗಿರಬೇಕು.
ಯಾರೂ ಫೋನು ಮಾಡಲಿಲ್ಲ.
ಯಾರೂ ಫೋನು ಮಾಡದೇ ಇದ್ದದ್ದನ್ನು
ಯಾವ ಕಾಲಮ್ಮಿಗೆ ಹಾಕಲಿ?

ಮೊನ್ನೆ ರಾತ್ರಿ ಏಸಿ ಬಕೆಟ್ಟಿಗೆ ತೊಟ್ಟಿಕ್ಕುತ್ತಿದ್ದಾಗ
ನೀನು ಹತ್ತಿರ ಕರೆದೆ, ಬೇರೆ ಯಾರದೋ ಹೆಸರಿಂದ.
ದಿಂಬಿನಡಿಯಿಂದ ಒಂದು ನಾಣ್ಯ ತೆಗೆದು ನನ್ನ ಅಂಗೈಗಿಟ್ಟು
ಬೆರಳುಗಳನ್ನು ಒಂದೊಂದಾಗಿ ಮಡಚಿದೆ,
ನನ್ನ ಏಳನೇ ವಯಸ್ಸಿನಲ್ಲಿ, ರಜೆಗೆ ಬಂದವನು,
ಹಿಂದಿರುಗುವ ದಿನ ಮಡಚಿದ ಹಾಗೆ.
"ಅಮ್ಮನಿಗೆ ಹೇಳಬೇಡ."

ಕೊಡುವ ಬುದ್ಧಿ ನಿನಗಿಲ್ಲವೆಂದು ಮೊಹರು ಬಿದ್ದಿದೆ.
ತಕ್ಕೊಳ್ಳುವ ಹಕ್ಕು ನನಗಿಲ್ಲವೆಂದೂ ಅದೇ ಕಾಗದದಲ್ಲಿದೆ.

ವರ್ಷದ ಲೆಕ್ಕ ಒಪ್ಪಿಸುವಾಗ
ಗುಮಾಸ್ತ ಎರಡು ಸಲ ಕೂಡಿದ.
ಬಿಂದುವಿನಾಚೆ, ಒಂದು ಸೊನ್ನೆ ಸೊನ್ನೆ, ತಾಳೆಯಾಗುತ್ತಿಲ್ಲ.
ಕನ್ನಡಕದ ಮೇಲಿಂದ ನನ್ನನ್ನು ನೋಡಿದ.
ನಾನು ಜೇಬಿನೊಳಗೆ ಮುಷ್ಟಿ ಮುಚ್ಚಿಕೊಂಡು
ಅಮ್ಮನೆದುರು ನಿಂತವನ ಹಾಗೆ ನಿಂತಿದ್ದೆ.