ಒಳಪದರ

ಮೇಜುಹಾಸಿನ ಹೊಟ್ಟೆಗೆ ಪಾಲಿಯೆಸ್ಟರ್ ಬೇಡ,
ಬಿಸಿ ಕೆಟಲ್ ಇಟ್ಟರೆ ಮೆತ್ತಿಕೊಳ್ಳುತ್ತದೆ, ಎಂದಳು ಎಲಿನೆಡ್.
ಉಣ್ಣೆ? ಟ್ರೆಗಾರನ್ ಗುಡ್ಡದ ಬೇಲಿಗೆ
ಕುರಿಗಳು ಬಿಟ್ಟುಹೋದದ್ದೇ ಚೀಲ ತುಂಬ ಇದೆ.
ಹರಡಿ, ಮೇಲೆ ಬಟ್ಟಲಿಟ್ಟಳು.
ದೋಣಿಯ ಹಾಗೆ ವಾಲಿತು.

ಹತ್ತಿ, ಹಾಗಾದರೆ. ತೆಳ್ಳಗಿನದು.
ಬಟ್ಟಲು ನೆಟ್ಟಗೆ ನಿಂತಿತು. ಆದರೆ
ಸಂಜೆ ಇಡ್ವಾಲ್ ಚಹಾ ಕುಡಿದು ಇಳಿಸುವಾಗ
ಬಸಿ, ಮೇಜು, ಎರಡೂ ಟಕಟಕ ಹೇಳಿಬಿಟ್ಟವು
ಅವನ ಬಲಗೈಯ ಸುದ್ದಿ.
ಅವನು ಕಿಟಕಿಯ ಕಡೆ ನೋಡಿದ,
ಆಲಿಕಲ್ಲು ಬಿತ್ತೇನೋ ಎಂಬಂತೆ.

ರಾತ್ರಿ ಹೊಲಿಗೆ ಬಿಚ್ಚಿ
ಹತ್ತಿಯ ಮೇಲೊಂದು ಹತ್ತಿಯಿಟ್ಟಳು,
ಬಟ್ಟಲಿಡುವ ಆ ಒಂದು ಗೇಣಿಗೆ ಮಾತ್ರ;
ಉಬ್ಬದ ಹಾಗೆ ಒತ್ತೊತ್ತಾಗಿ ದಾರ ಓಡಿಸಿದಳು.

ಭಾನುವಾರ ಮೆರೆರಿಡ್ ಬೆರಳಾಡಿಸಿ
ಇಲ್ಲಿ ದಪ್ಪವಾಯಿತಲ್ಲ ಅಂದಳು.
ಲೆಕ್ಕ ತಪ್ಪಿತು ಕಣೇ,
ಎಂದಳು ಎಲಿನೆಡ್, ಚಹಾ ಬಗ್ಗಿಸುತ್ತ.