ಮಗ್ಗುಲು

ದೊಡ್ಡಾಸ್ಪತ್ರೆಯ ಮೂಳೆ ವಾರ್ಡು, ರಾತ್ರಿ ಪಾಳಿ.
ಹನ್ನೊಂದನೇ ಮಂಚ: ಲಿಖಿತ್, ಹದಿನಾಲ್ಕು ವರ್ಷ.
ಗಾಲಿಕುರ್ಚಿಯಿಂದ ಜಾರಿ ಎಡತೊಡೆ ಮುರಿದಿದೆ.
ಸ್ನಾಯುಗಳು ಅದಕ್ಕೂ ಮೊದಲೇ
ಹೇಳದೆ ಕೇಳದೆ ಕೆಲಸ ಬಿಟ್ಟಿವೆ.

ಮೊದಲ ದಿನ ಕಂಕುಳಿಗೆ ಕೈ ಕೊಟ್ಟು ಎತ್ತಹೋದೆ.
'ಹಂಗಲ್ಲ ಸಿಸ್ಟರ್, ಜಾರ್ಬಿಡ್ತೀನಿ.
ನೆಂದ ಅಂಗಿ ಎತ್ತಿದಂಗಾಗುತ್ತೆ.
ಬೆಡ್‌ಶೀಟ್ ಸಮೇತ ಎತ್ತಿ, ಆಯಾನ ಕಾಲ ಕಡೆ ನಿಲ್ಸಿ,
ನಾನು ಮೂರು ಅಂದ್ಮೇಲೆ.'
ಹದಿನೆಂಟು ವರ್ಷದ ನನ್ನ ಸರ್ವೀಸು
ಅವನು ಮೂರು ಅನ್ನುವವರೆಗೆ ಕಾದು ನಿಂತಿತು.

ಅಜ್ಜ ನಜರ್‌ಬಾದಿನ ಹಳೇ ಪೈಲ್ವಾನ್.
ಸಂಜೆ ಬಂದು ಮೊಮ್ಮಗನ ಮೀನಖಂಡ ಸವರುತ್ತಾರೆ.
ನಾಲ್ಕರ ವಯಸ್ಸಿಗೇ ಉಬ್ಬಿದ್ದ ಅದನ್ನು ಕಂಡು
'ಗರಡಿಗೇ ಹುಟ್ಟಿದವನು' ಎಂದು
ಬೀದಿಗೆಲ್ಲ ಬಾದಾಮಿ ಹಾಲು ಹಂಚಿದ್ದರಂತೆ.
ಅದೇ ರೋಗದ ಗುರುತೆಂದು ಡಾಕ್ಟರು ಹೇಳಿದ ದಿನದಿಂದ
ಅಜ್ಜ ಹಾಲು ಮುಟ್ಟಿಲ್ಲ.

ಹತ್ತಕ್ಕೆ ಬಲಕ್ಕೆ, ಹನ್ನೆರಡಕ್ಕೆ ಬೆನ್ನಿಗೆ,
ಎರಡಕ್ಕೆ ಮತ್ತೆ ಬಲಕ್ಕೆ.
ಎಡ ಮಗ್ಗುಲನ್ನು ಚೀಟಿಯಲ್ಲಿ ಹೊಡೆದು ಹಾಕಿದೆ.
ಮಂಡಿಗಳ ನಡುವೆ ದಿಂಬು,
ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಡಿಸಿದ ಟವೆಲು,
ಕಾಲಿನುಗುರು ಒತ್ತಿ ಬಿಟ್ಟು
ಬಿಳುಪಿಗೆ ಕೆಂಪು ಮರಳುವ ತನಕ ಎಣಿಕೆ.
ಪಕ್ಕೆಗೆ ಅಂಗೈ ಆನಿಸಿ, 'ಕೆಮ್ಮು ರಾಜ, ಇನ್ನೊಂದ್ಸಲ.'
ಆಚೆ ಕೋಣೆಯಲ್ಲಿ ಯಾರೋ ಕಾಗದ ಹರಿದಷ್ಟೇ ಸದ್ದು.

ಹನ್ನೆರಡನೇ ಮಂಚ ಟಾಂಗಾ ಇಲಿಯಾಸ್ ಸಾಬರದು.
ಮುರಿದ ಕಾಲಿನ ತುದಿಗೆ ಮರಳಿನ ಚೀಲ ತೂಗುತ್ತದೆ.
'ನನ್ ಕುದ್ರೆ ನಿಂತೇ ನಿದ್ದೆ ಮಾಡ್ತದೆ,
ನಂಗೆ ಮಲಗಿದ್ರೂ ಬರಲ್ವಲ್ಲ ಸಿಸ್ಟರ್.'
ಹುಡುಗ ನಕ್ಕ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ:
'ಮೂಳೆ ಕೂಡಕ್ಕೆ ಎಷ್ಟು ದಿನ ನಿಮ್ದು?'
'ಮೂರು ತಿಂಗಳಂತೆ.'
'ನಂದೂ ಹಂಗೇ ಇರ್ಬೇಕು.
ಆಮೇಲೆ ನಿಮ್ಮನ್ನ ನಡೀರಿ ಅಂತಾರೆ.'
ಸಾಬರು ಮಾತಾಡಲಿಲ್ಲ.
ನಾನು ಸರಿಯಾಗಿಯೇ ಇದ್ದ ಡ್ರಿಪ್ಪನ್ನು
ಇನ್ನೊಮ್ಮೆ ಸರಿ ಮಾಡಿದೆ.

ಬೆಳಿಗ್ಗೆ ಬಸ್ಸಿಳಿದು ಕುಂಬಾರಕೊಪ್ಪಲಿನ ಮನೆ ಸೇರಿದರೆ
ಮಗಳಿಗಿನ್ನೂ ಗಾಢ ನಿದ್ದೆ.
ಹೊದಿಕೆ ಸರಿಪಡಿಸಲು ಬಗ್ಗಿದೆ.
ಅಷ್ಟರಲ್ಲಿ ಅವಳು, ಯಾರೂ ಒಂದು ಎರಡು ಎನ್ನದೆ,
ತಾನಾಗಿಯೇ ಎಡಕ್ಕೆ ಹೊರಳಿದಳು.

ಎಡಕ್ಕೆ.

ನನ್ನ ಕೈ ಆಗಲೇ
ಮಂಡಿಗಳ ನಡುವೆ ಇಡಲು
ದಿಂಬು ಹುಡುಕುತ್ತಿತ್ತು.