ಜೊತೆಗೆ ಬಂದವರು

ಮಂಗಳವಾರ ಹತ್ತೂವರೆಗೆ ಕಾರವಾರದಲ್ಲಿ ವ್ಯಸನಮುಕ್ತಿ ಶಿಬಿರ.
ರಿಜಿಸ್ಟರಿನಲ್ಲಿ ಎರಡೇ ಕಾಲಂ:
ರೋಗಿ. ಜೊತೆಗೆ ಬಂದವರು.
ಗೆರೆ ಎಳೆದವಳು ನಾನೇ,
ಅಡಿಪಟ್ಟಿ ಇಟ್ಟು, ಕೆಂಪು ಪೆನ್ನಿನಲ್ಲಿ.

ಎಡಕ್ಕೆ ಗಂಡಸರು, ಬಲಕ್ಕೆ ಅವರ ಹೆಂಡಿರು.
ಹೆಂಡಿರಿಗೆಲ್ಲ ಒಂದೊಂದು ಹಳದಿ ಕರಪತ್ರ:
ಕುಡಿಯುವ ಗಂಡನೊಡನೆ ತಾಳ್ಮೆಯಿಂದಿರುವುದು ಹೇಗೆ.

ಚಂದ್ರಭಾಗಾ ತಾಂಡೇಲ, ಮಾಜಾಳಿ.
ಬಲಗಡೆ, ಮೂರನೇ ಸಾಲು, ತುದಿಯ ಕುರ್ಚಿ.
ಸೆರಗಿನ ಗಂಟಲ್ಲಿ ಏಲಕ್ಕಿ;
ಬಸ್ಸಿನಲ್ಲೇ ಎರಡು ಜಗಿದಿರುತ್ತಾಳೆ.
ಮೀನು ಅಂತ ಮೂಗು ಮುಚ್ಚುವ ಜನ
ಅದರಡಿಯ ಇನ್ನೊಂದು ವಾಸನೆಗೆ ಇಳಿಯುವುದಿಲ್ಲ.

‘ಗಂಡನ್ನ ಕರ್ಕೊಂಡು ಬರ್ಲಿಲ್ವಾ?’
‘ಇವತ್ತೂ ಬರ್ಲಿಲ್ಲ ಬಾಯಿ.’

ಡಾಕ್ಟರ ಮುಂದೆ ಹೇಳುತ್ತಾಳೆ:
ಅವರಿಗೆ ಬೆಳಿಗ್ಗೆ ಕೈ ನಡುಗ್ತದೆ.
ಒಂದು ಗುಟುಕು ಇಳಿದ ಮೇಲೇ ನಿಲ್ಲೋದು.
ಅವರು ಈಗ ಅನ್ನ ಬಿಟ್ಟಿದ್ದಾರೆ.
ಅವರಿಗೆ ನಾಚಿಕೆ, ಅದಕ್ಕೇ ಬರೂದಿಲ್ಲ.

ಡಾಕ್ಟರು ತಲೆಯಾಡಿಸುತ್ತಾರೆ, ಕೇಳಿ ಕೇಳಿ ಸವೆದ ಕಥೆ.
ಗಂಡನ ಹೆಸರು ಹೇಳದ ಹೆಂಗಸು, ಅದರಲ್ಲೇನು ವಿಶೇಷ.
ಆರು ಮಂಗಳವಾರ ನಾನೂ ಬರೆದುಕೊಂಡೆ.
‘ಅವರು’ ಎಂಬ ಮಾತಿಗೆ ಗಂಡೂ ಇಲ್ಲ ಹೆಣ್ಣೂ ಇಲ್ಲ
ಅಂತ ಶಾಲೆಯಲ್ಲಿ ಓದಿದ್ದೆ, ಅಂಕವೂ ಬಂದಿತ್ತು.

ಗಂಡ ಟ್ರಾಲರಿನಿಂದ ಬಿದ್ದು ಒಂಬತ್ತು ವರ್ಷ.
ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯ.
ಆಮೇಲೆ ಬುಟ್ಟಿ ಇವಳ ತಲೆಗೆ ಬಂತು:
ಮೇಲೆ ಬಂಗಡೆ, ನಡುವೆ ಮಂಜುಗಡ್ಡೆ,
ತಳದಲ್ಲಿ ಗಡಿಯಾಚೆಯ ಉರಾಕ್.
ನಾಕೆಯಲ್ಲಿ ಯಾರೂ ಮಂಜುಗಡ್ಡೆಗೆ ಕೈ ಹಾಕುತ್ತಿರಲಿಲ್ಲ.
ಬಾಟಲಿಗೆ ಮೂವತ್ತು ರೂಪಾಯಿ.
ಸೊಂಟ ಹಿಡಿದ ಒಂದು ರಾತ್ರಿ ಮುಚ್ಚಳದಷ್ಟು,
ಮೈಗೆ ತಿಕ್ಕಲು ತೆಗೆದದ್ದು.

ಇವೆಲ್ಲ ಹೇಳಿದ್ದು ಏಳನೇ ಮಂಗಳವಾರ.
ಸಹಿಗೆ ಪೆನ್ನು ಕೊಟ್ಟೆ.
ಪೆನ್ನು ಕಾಗದದ ಮೇಲೆ ಟಕಟಕ ಬಡಿಯಿತು,
ಬಾಗಿಲಲ್ಲಿ ಯಾರೋ ನಿಂತ ಹಾಗೆ.
ಹಣೆ ತುಂಬ ಬೆವರು. ಫ್ಯಾನು ತಿರುಗುತ್ತಲೇ ಇತ್ತು.
‘ಬೆಳಿಗ್ಗೆಯಿಂದ ಏನೂ ಇಲ್ಲ ಬಾಯಿ,’ ಅಂದಳು,
‘ನೀರು ಬಿಟ್ರೆ.’

ಡಾಕ್ಟರು ಎದ್ದು ಬಂದು ನಾಡಿ ಹಿಡಿದರು.
ಒಮ್ಮೆಲೇ ಬಿಟ್ಟರೆ ಅಪಾಯ, ಇವತ್ತೇ ಮಲಗಿಸಬೇಕು.
ನಮ್ಮ ವಾರ್ಡಿನಲ್ಲಿ ಹತ್ತು ಮಂಚ,
ಹತ್ತೂ ಗಂಡಸರಿಗೆ.
ಹೆಂಗಸರಿಗೆ ಅಂತ ಯಾರೂ ಕೇಳಿರಲಿಲ್ಲವಂತೆ.
ಹೆರಿಗೆ ವಾರ್ಡಿಗೆ ಫೋನು ಹೋಯಿತು,
ಒಂದು ಮೂಲೆ, ಒಂದು ಪರದೆ.
‘ಅಲ್ಲಿ ಏನಂತ ಹೇಳ್ಲಿ?’ ಅಂತ ಕೇಳಿದಳು.

ಹೆಸರನ್ನು ಎಡಕ್ಕೆ ಬರೆದೆ. ಅಕ್ಷರ ನನ್ನದೂ ನೆಟ್ಟಗಿರಲಿಲ್ಲ.
ಬಲಗಡೆಯದು ಖಾಲಿ.
ಅವಳು ಸೆರಗಿನ ಗಂಟು ಬಿಚ್ಚತೊಡಗಿದಳು,
ಬಹಳ ಹೊತ್ತು ಹಿಡಿಯಿತು ಆ ಬೆರಳುಗಳಿಗೆ.
ಮೂರೋ ನಾಲ್ಕೋ ಏಲಕ್ಕಿ, ಮೇಜಿನ ಮೇಲೆ.

‘ಇವತ್ತು ಬೇಕಾಗಲಿಲ್ಲ.’